ಅಂಕ ಕಾಣದ ಆಟ: ಬೇಸ್‌ಬಾಲ್ ಪರದೆಯಿಂದ ಯಲ್ಲಾಪುರದ ಕಾಡಿನವರೆಗೆ

ಬೇಸ್‌ಬಾಲ್ ತಂಡದ ಆಡಳಿತವನ್ನು ಕಂಪ್ಯೂಟರಿನಲ್ಲಿ ನಡೆಸುವ ಆಟಗಳಲ್ಲಿ ಆಡುವವನು ಬ್ಯಾಟು ಹಿಡಿಯುವುದಿಲ್ಲ, ಚೆಂಡು ಎಸೆಯುವುದೂ ಇಲ್ಲ. ಯಾರನ್ನು ತಂಡಕ್ಕೆ ತರಬೇಕು, ಯಾರಿಗೆ ಎಷ್ಟು ಸಂಬಳ ಕೊಡಬೇಕು, ಯಾವ ಹುಡುಗನನ್ನು ಕೆಳಹಂತದ ಲೀಗಿನಲ್ಲಿ ಇನ್ನೆರಡು ವರ್ಷ ಪಳಗಿಸಬೇಕು ಎಂಬ ತೀರ್ಮಾನಗಳೇ ಅವನ ಆಟ. ಆ ತೀರ್ಮಾನಗಳನ್ನು ಕಠಿಣಗೊಳಿಸಲು ಎದುರಾಳಿ ತಂಡಗಳನ್ನು ಬಲಗೊಳಿಸುವುದು, ಹಣವನ್ನು ಕಡಿಮೆ ಮಾಡುವುದು ಮುಂತಾದ ಹಲವು ದಾರಿಗಳಿದ್ದರೂ, ಅತ್ಯಂತ ಸರಳವೂ ಅತ್ಯಂತ ಗಂಭೀರವೂ ಆದ ದಾರಿಯೆಂದರೆ ಆಟಗಾರರ ರೇಟಿಂಗನ್ನು, ಅಂದರೆ ಪ್ರತಿಯೊಬ್ಬನ ಸಾಮರ್ಥ್ಯವನ್ನು ಅಂಕಿಯಲ್ಲಿ ಹೇಳುವ ಗುಣಾಂಕವನ್ನು, ಪರದೆಯಿಂದ ತೆಗೆದುಬಿಡುವುದು. ಹಾಗೆ ಮಾಡಿದಾಗ ಉಳಿಯುವ ಪ್ರಶ್ನೆ ಕ್ರೀಡೆಯಷ್ಟೇ ಹಳೆಯದು: ಒಬ್ಬನ ಒಳಗಿನ ಶಕ್ತಿಯನ್ನು ಹೊರಗಿನಿಂದ ಎಷ್ಟರ ಮಟ್ಟಿಗೆ ಅರಿಯಲು ಸಾಧ್ಯ? ಈ ಪ್ರಶ್ನೆಯನ್ನು ಭಾರತ ಸರ್ಕಾರ 1987ರಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ, ಯಲ್ಲಾಪುರ ಮತ್ತು ಅದರ ನೆರೆಯ ತಾಲ್ಲೂಕುಗಳ ಸಿದ್ದಿ ಮಕ್ಕಳ ಮುಂದೆ ನಿಂತು ಕೇಳಿಕೊಂಡಿತ್ತು.

ಮೊದಲು ಆಟದ ಒಳಗುಟ್ಟನ್ನು ತಿಳಿಯಬೇಕು. 1961ರಲ್ಲಿ ಹಾಲ್ ರಿಚ್‌ಮನ್ ಅಮೆರಿಕದಲ್ಲಿ ಹೊರತಂದ ‘ಸ್ಟ್ರಾಟ್-ಒ-ಮ್ಯಾಟಿಕ್’ ಎಂಬ ಮೇಜಿನ ಆಟದಲ್ಲಿ ಪ್ರತಿಯೊಬ್ಬ ನಿಜ ಆಟಗಾರನಿಗೂ ಒಂದು ಕಾರ್ಡು, ಜೊತೆಗೆ ದಾಳಗಳು. ಕಾರ್ಡಿನ ಮೇಲಿನ ಅಂಕಿಗಳು ಆಡುವವರಿಗೆಲ್ಲ ಕಾಣುತ್ತಿದ್ದವು. ಕಂಪ್ಯೂಟರಿನ ಆಟಗಳು ದಾಳದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದವು. 1990ರ ದಶಕದ ಕೊನೆಯಲ್ಲಿ ಜರ್ಮನಿಯ ಮಾರ್ಕುಸ್ ಹೈನ್‌ಸೋನ್ ಆರಂಭಿಸಿದ ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’ ಈ ಬಗೆಯ ಆಟಗಳಲ್ಲಿ ಹೆಸರಾದದ್ದು. ಅದರೊಳಗೆ ಪ್ರತಿ ಆಟಗಾರನಿಗೂ ಚೆಂಡನ್ನು ತಾಗಿಸುವ ಕೌಶಲ, ದೂರಕ್ಕೆ ಹೊಡೆಯುವ ಬಲ, ಓಟ, ಎಸೆತ, ಕ್ಷೇತ್ರರಕ್ಷಣೆಗಳಿಗೆ ಬೇರೆ ಬೇರೆ ಅಂಕಗಳಿರುತ್ತವೆ, ಮುಂದೆ ಅವನು ಎಲ್ಲಿಯವರೆಗೆ ಬೆಳೆಯಬಲ್ಲ ಎಂಬುದಕ್ಕೂ ಪ್ರತ್ಯೇಕ ಅಂಕವಿರುತ್ತದೆ. ಬೇಸ್‌ಬಾಲಿನ ಪ್ರತಿಭಾನ್ವೇಷಕರು, ಅಂದರೆ ಊರೂರು ತಿರುಗಿ ಎಳೆಯ ಆಟಗಾರರನ್ನು ಗುರುತಿಸುವ ಸ್ಕೌಟ್‌ಗಳು, ಬಹುಕಾಲದಿಂದ ಬಳಸುತ್ತ ಬಂದಿರುವ 20ರಿಂದ 80ರವರೆಗಿನ ಅಳತೆಗೋಲನ್ನೇ ಆಟವೂ ತೋರಿಸಬಲ್ಲದು. ಆ ಅಳತೆಯಲ್ಲಿ 50 ಎಂದರೆ ಅತ್ಯುನ್ನತ ಲೀಗಿನ ಸರಾಸರಿ ಆಟಗಾರ.

ಈ ಅಂಕಗಳು ತೆರೆದೇ ಇದ್ದಲ್ಲಿ ಆಡಳಿತವೆಂಬುದು ಕೊನೆಗೆ ಎರಡು ಸಂಖ್ಯೆಗಳನ್ನು ಹೋಲಿಸುವ ಲೆಕ್ಕವಾಗಿ ಇಳಿದುಬಿಡುತ್ತದೆ. ಹತ್ತೊಂಬತ್ತರ ಹುಡುಗನ ಪಕ್ಕದಲ್ಲಿ ‘ಮುಂದಿನ ಸಾಮರ್ಥ್ಯ 75’ ಎಂದು ಬರೆದಿರುವಾಗ ಅವನನ್ನು ಉಳಿಸಿಕೊಳ್ಳಲು ಧೈರ್ಯವೇನೂ ಬೇಕಿಲ್ಲ, ಅವನು ಇಡೀ ವರ್ಷ ಸೋತರೂ ಅನುಮಾನ ಹುಟ್ಟುವುದಿಲ್ಲ. ಅಂಕಗಳನ್ನು ಮುಚ್ಚಿದರೆ ಕೈಗೆ ಸಿಗುವುದು ಆಡಿದ ಫಲಿತಾಂಶ ಮಾತ್ರ, ಮತ್ತು ಫಲಿತಾಂಶ ಎಷ್ಟು ವಂಚಕ ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸಿಕೊಡುತ್ತದೆ. ಬೇಸ್‌ಬಾಲಿನಲ್ಲಿ ಬ್ಯಾಟಿಂಗ್ ಸರಾಸರಿ ಎಂದರೆ ಕ್ರಿಕೆಟಿನಂತೆ ಓಟಗಳ ಲೆಕ್ಕವಲ್ಲ. ಲೆಕ್ಕಕ್ಕೆ ಬರುವ ಸರದಿಗಳಲ್ಲಿ ಎಷ್ಟರಲ್ಲಿ ಸಫಲ ಹೊಡೆತ ಬಂತು ಎಂಬ ಪ್ರಮಾಣ. ನಿಜವಾದ ಸಾಮರ್ಥ್ಯ 0.270 ಇರುವ ಬ್ಯಾಟರ್ 500 ಸರದಿಗಳಲ್ಲಿ 135 ಸಲ ಸಫಲನಾಗಬೇಕು; ಆದರೆ ಕೇವಲ ಆಕಸ್ಮಿಕದಿಂದ ಈ ಸಂಖ್ಯೆ ಸುಮಾರು 10ರಷ್ಟು ಆಚೀಚೆ ಸರಿಯುವುದು ತೀರ ಸಹಜ, ಹೀಗಾಗಿ ಮೂರರಲ್ಲಿ ಎರಡು ವರ್ಷ ಅವನು 0.250 ಮತ್ತು 0.290ರ ನಡುವೆ ಎಲ್ಲೋ ಕಾಣಿಸಿಕೊಂಡರೆ ಉಳಿದ ವರ್ಷಗಳಲ್ಲಿ ಆ ಎಲ್ಲೆಯನ್ನೂ ದಾಟುತ್ತಾನೆ. ಕೇವಲ 100 ಸರದಿ ನೋಡಿ ತೀರ್ಪು ಕೊಡುವವನಿಗೆ ಇದೇ ಮನುಷ್ಯ 0.230ರ ದುರ್ಬಲನಾಗಿಯೂ 0.310ರ ತಾರೆಯಾಗಿಯೂ ತೋರಬಹುದು. ಮೂರು ಋತುಗಳ 1,500 ಸರದಿ ಕೂಡಿದ ಮೇಲೆ ಈ ಏರಿಳಿತ ಸುಮಾರು 0.011ಕ್ಕೆ ಇಳಿಯುತ್ತದೆ. ಕಾಯುವುದಕ್ಕೆ ತಗಲುವ ಬೆಲೆ ಮತ್ತು ಕಾಯದಿದ್ದರೆ ಆಗುವ ನಷ್ಟ, ಇವೆರಡರ ನಡುವಿನ ಸೆಣಸಾಟವೇ ಅಂಕ ಮುಚ್ಚಿದ ಆಟದ ಜೀವಾಳ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಮಾರುಕಟ್ಟೆಯನ್ನು ಬಲ್ಲವರಿಗೆ ಈ ಸ್ಥಿತಿ ಹೊಸತೇನಲ್ಲ. ಟೆಂಡರಿಗೆ ಬಂದ ರಾಶಿಯನ್ನು ವ್ಯಾಪಾರಿ ಪೂರ್ತಿ ಒಡೆದು ನೋಡಲಾರ, ಹಿಡಿಯಷ್ಟನ್ನು ಎತ್ತಿ, ಕೆಲವನ್ನು ಕತ್ತರಿಸಿ, ಒಳಗಿನ ಬಣ್ಣ ನೋಡಿ ಇಡೀ ರಾಶಿಗೆ ಧಾರಣೆ ಬರೆಯುತ್ತಾನೆ. ಕಂಪ್ಯೂಟರಿನ ಆಟದಲ್ಲಿ ಆ ಹಿಡಿಯನ್ನು ಎತ್ತುವವನು ಸ್ಕೌಟ್. ಅಂಕಗಳನ್ನು ಪೂರ್ತಿ ಮುಚ್ಚದೆ ಸ್ಕೌಟಿನ ಅಂದಾಜಿನ ಮೂಲಕ ಮಸುಕಾಗಿ ತೋರಿಸುವ ವ್ಯವಸ್ಥೆಯೂ ಇದ್ದು, ಆ ಅಂದಾಜು ಎಷ್ಟು ನಿಖರವಾಗಿರಬೇಕೆಂಬುದನ್ನು ಆಡುವವನೇ ನಿಗದಿಪಡಿಸಬಹುದು. ಸ್ಕೌಟ್‌ಗಳ ಮೇಲೆ ಖರ್ಚು ಮಾಡಿದಷ್ಟೂ ಮಸುಕು ತಿಳಿಯಾಗುತ್ತದೆ, ಆದರೆ ಒಬ್ಬ ಸ್ಕೌಟ್ ಎಳೆಯರ ಮೈಕಟ್ಟಿಗೂ ವೇಗಕ್ಕೂ ಮರುಳಾಗುವವನಾದರೆ ಇನ್ನೊಬ್ಬ ಈಗಾಗಲೇ ತೋರಿಸಿದ ಆಟಕ್ಕೆ ಬೆಲೆ ಕೊಡುವವನಾಗಿರುತ್ತಾನೆ. ಇಲ್ಲಿ ಒಂದು ಎಚ್ಚರವನ್ನು ಒತ್ತಿ ಹೇಳಬೇಕು. ಮುಸುಕು ಮನುಷ್ಯನ ಕಣ್ಣಿಗೆ ಮಾತ್ರ ಬಿದ್ದು, ಕಂಪ್ಯೂಟರ್ ನಡೆಸುವ ಎದುರಾಳಿ ತಂಡಗಳು ನಿಜವಾದ ಅಂಕಗಳನ್ನು ನೋಡುತ್ತಲೇ ಇದ್ದರೆ, ಅವುಗಳ ಬೇಡಿಕೆಯೇ ಗುಟ್ಟನ್ನು ಬಿಟ್ಟುಕೊಡುತ್ತದೆ, ಏಕೆಂದರೆ ಯಾರ ಗಮನಕ್ಕೂ ಬಾರದ ಹುಡುಗನೊಬ್ಬನನ್ನು ಮೂರು ತಂಡಗಳು ಒಟ್ಟಿಗೆ ಕೇಳಿದಾಗ ಅವನ ಗುಣಾಂಕ ಊಹೆಗೆ ನಿಲುಕುತ್ತದೆ. ಆದ್ದರಿಂದ ಎದುರಾಳಿಗಳು ಆಟಗಾರರನ್ನು ಅಳೆಯುವಾಗ ರೇಟಿಂಗಿಗೆ ಕೊಡುವ ತೂಕವನ್ನು ಇಳಿಸಿ, ಈ ವರ್ಷದ ಮತ್ತು ಹಿಂದಿನ ಎರಡು ವರ್ಷಗಳ ಸಾಧನೆಗೆ ಕೊಡುವ ತೂಕವನ್ನು ಏರಿಸುವ ಅವಕಾಶವನ್ನು ಈ ಆಟದಲ್ಲಿ ಕಲ್ಪಿಸಲಾಗಿದೆ, ಮತ್ತು ಅಂಕ ಮುಚ್ಚಿ ಆಡುವವರು ಅದನ್ನು ಬಳಸದೆ ಬಿಟ್ಟರೆ ಮುಚ್ಚಿದ್ದು ಅರ್ಧಮಾತ್ರ ಸಾರ್ಥಕವಾಗುತ್ತದೆ.

ಯಲ್ಲಾಪುರದ ಪ್ರಸಂಗ ಈ ವಿಚಾರದ ಕೈಗನ್ನಡಿಯಾಗುವುದು ಇಲ್ಲಿಯೇ. ಪೋರ್ಚುಗೀಸರ ಕಾಲದಲ್ಲಿ ಬಹುಮಟ್ಟಿಗೆ ಗೋವೆಯ ಮೂಲಕ ಗುಲಾಮರಾಗಿ ಆಫ್ರಿಕಾದಿಂದ ಬಂದವರ ಸಂತತಿಯಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೋಯಿಡಾ, ಶಿರಸಿ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಮೂರೂ ಧರ್ಮಗಳಲ್ಲಿ ಹಂಚಿಹೋಗಿ, ಕೊಂಕಣಿ, ಕನ್ನಡ, ಮರಾಠಿ, ಉರ್ದು ಆಡುತ್ತ, ಅಡಿಕೆ ತೋಟಗಳಲ್ಲಿಯೂ ಕಾಡಿನಲ್ಲಿಯೂ ದುಡಿದು ಬದುಕಿದವರು. ಪರಿಶಿಷ್ಟ ಪಂಗಡದ ಮಾನ್ಯತೆ ಉತ್ತರ ಕನ್ನಡದ ಸಿದ್ದಿಗಳಿಗೆ ದೊರೆತದ್ದು 2003ರಲ್ಲಿ. ಕ್ರೀಡಾ ಇಲಾಖೆಯ ಕಣ್ಣಿಗೆ ಅವರು ಬಿದ್ದದ್ದು ಅದಕ್ಕೆ ಹದಿನಾರು ವರ್ಷ ಮುಂಚೆ. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದಾಗ, 1984ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಕ್ರೀಡಾ ಪ್ರಾಧಿಕಾರವು ‘ವಿಶೇಷ ಪ್ರದೇಶ ಕ್ರೀಡಾ ಯೋಜನೆ’ಯಡಿಯಲ್ಲಿ ಸಿದ್ದಿ ಮಕ್ಕಳನ್ನು ಓಡಿಸಿ, ಆರಿಸಿ, ತರಬೇತಿಗೆ ಕರೆದೊಯ್ದಿತು. ಕಮಲಾ ಸಿದ್ದಿಯಂಥ ಹರ್ಡಲ್ಸ್ ಓಟಗಾರ್ತಿ ರೂಪುಗೊಂಡದ್ದು ಈ ಯೋಜನೆಯಲ್ಲಿ.

ಆಯ್ಕೆಗೆ ಓಟದ ಪರೀಕ್ಷೆ ಇತ್ತೆಂಬುದು ನಿಜ, ಆದರೆ ಅಧಿಕಾರಿಗಳು ಇಷ್ಟು ದೂರದ ಕಾಡಿಗೆ ಬಂದದ್ದು ಆ ಪರೀಕ್ಷೆಯ ಬಲದಿಂದಲ್ಲ. ಒಲಿಂಪಿಕ್ಸ್‌ನಲ್ಲಿ ಆಫ್ರಿಕಾದವರೂ ಕರಿಯ ಅಮೆರಿಕನ್ನರೂ ಗೆದ್ದ ಪದಕಗಳನ್ನು ನೋಡಿ, ಅದೇ ನೆಲದಿಂದ ಬಂದವರಲ್ಲಿ ಅದೇ ಶಕ್ತಿ ಇದ್ದೇ ಇರುತ್ತದೆಂಬ ನಂಬಿಕೆ ಅವರನ್ನು ಕರೆತಂದಿತು. ಅಂದರೆ ಕಾಣದ ಗುಣಾಂಕದ ಜಾಗದಲ್ಲಿ ಮೈಬಣ್ಣ ಮತ್ತು ವಂಶಗಳನ್ನೇ ಗುಣಾಂಕವೆಂದು ಓದಲಾಯಿತು. ಈ ಓದು ಎಷ್ಟು ಸಡಿಲವಾದುದೆಂಬುದನ್ನು ವಿಜ್ಞಾನವೇ ತೋರಿಸಿದೆ. ಕೆನ್ಯಾದ ದೂರದ ಓಟಗಾರರಲ್ಲಿ ಬಹುಪಾಲು ಮಂದಿ ರಿಫ್ಟ್ ಕಣಿವೆಯ ಎತ್ತರದ ನಾಡಿನ, ನೈಲೋಟಿಕ್ ಮೂಲದ ಕಲೆಂಜಿನ್ ಜನ. ಸಿದ್ದಿಗಳ ಆಫ್ರಿಕನ್ ಮೂಲವಾದರೋ ಬಂಟು ಜನಸಮುದಾಯಗಳದು, ಜೊತೆಗೆ ಅವರಲ್ಲಿ ಭಾರತೀಯ ಮತ್ತು ಯುರೋಪಿಯನ್ ಬೆರಕೆಯೂ ಇದೆಯೆಂದು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಒಳಗೊಂಡ ತಂಡದ 2011ರ ಅಧ್ಯಯನ ಕಂಡುಕೊಂಡಿತು. ಮನುಕುಲದ ಅತಿ ಹೆಚ್ಚಿನ ಅನುವಂಶಿಕ ವೈವಿಧ್ಯವಿರುವುದು ಆಫ್ರಿಕಾದಲ್ಲಿಯೇ ಆಗಿರುವಾಗ, ಆ ಖಂಡದ ಹೆಸರೊಂದನ್ನೇ ಅಂಕವಾಗಿ ಬಳಸುವುದು ಸ್ಕೌಟಿನ ಕೆಲಸವೆನಿಸಲಾರದು. ಇದರಿಂದ ಆ ಮಕ್ಕಳ ಸಾಮರ್ಥ್ಯವೂ ದುಡಿಮೆಯೂ ಸ್ವಲ್ಪವೂ ಕುಂದುವುದಿಲ್ಲ; ಅವರು ಓಡಿದ ಓಟ ಅವರದೇ ಆಗಿತ್ತು.

ಅದೇ ಯೋಜನೆಯ ಇನ್ನೊಂದು ಮುಖವನ್ನು ಇದರ ಪಕ್ಕದಲ್ಲಿಡಬೇಕು. 1987ರಲ್ಲಿಯೇ ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಾಣ ಬಿಟ್ಟು ತೋರಿಸಿ ಆಯ್ಕೆಯಾದ, ಮರುವರ್ಷ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಬಿಲ್ಲು ಹಿಡಿದ. ಅಲ್ಲಿ ಅಳೆದದ್ದು ಆ ಹುಡುಗನಿಗೆ ಬಾಲ್ಯದಿಂದ ಕೈಗೆ ಹತ್ತಿದ್ದ ಕೌಶಲವನ್ನು. ಸಿದ್ದಿ ಮಕ್ಕಳ ವಿಷಯದಲ್ಲಿ ಅಳತೆಗೆ ಮೊದಲೇ ಊಹೆಯೊಂದು ನಿಂತಿತ್ತು, ಮತ್ತು ಊಹೆ ದೊಡ್ಡದಾದಷ್ಟೂ ಫಲ ಬೇಗ ಬರಬೇಕೆಂಬ ಆತುರವೂ ದೊಡ್ಡದಾಗುತ್ತದೆ. ಕೆಲವರು ರಾಷ್ಟ್ರಮಟ್ಟಕ್ಕೆ ಏರಿದರು, ಕೆಲವರಿಗೆ ಕ್ರೀಡಾ ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ದೊರೆಯಿತು, ಬಡ ಕುಟುಂಬಗಳಿಗೆ ಅದು ಸಣ್ಣ ಗೆಲುವಾಗಿರಲಿಲ್ಲ; ಆದರೆ 1990ರ ದಶಕದ ಮೊದಲ ವರ್ಷಗಳಲ್ಲಿಯೇ ಸಿದ್ದಿ ಮಕ್ಕಳ ಪಾಲಿಗೆ ಯೋಜನೆ ನಿಂತುಹೋಯಿತು. ಓಟದ ಮೈದಾನಕ್ಕೆ ಬಂದ ಹತ್ತು ಹನ್ನೆರಡರ ಮಗು ತನ್ನ ಪೂರ್ಣ ಶಕ್ತಿ ತೋರಿಸಲು ಹತ್ತು ವರ್ಷಗಳಾದರೂ ಬೇಕು, ಅವರ ಪಾಲಿನ ಯೋಜನೆ ಅಷ್ಟು ಕಾಲವೂ ಬದುಕಲಿಲ್ಲ. ಬೇಸ್‌ಬಾಲ್ ಆಟದ ಮಾತಿನಲ್ಲಿ ಹೇಳುವುದಾದರೆ, ಮೊದಲ ನೂರು ಸರದಿ ಮುಗಿಯುವಷ್ಟರಲ್ಲಿ ಇಡೀ ತಂಡವನ್ನು ಮನೆಗೆ ಕಳಿಸಲಾಯಿತು, ಮತ್ತು ಆ ಮಕ್ಕಳಲ್ಲಿ ಯಾರ ಅಂಕ ಎಷ್ಟಿತ್ತೆಂಬುದು ಮುಚ್ಚಿಯೇ ಉಳಿಯಿತು.

ಇಂದಿಗೂ ಈ ಪ್ರದೇಶದಲ್ಲಿ ಮಕ್ಕಳ ಓಟ ಅಳೆಯಲ್ಪಡುವುದು ಹೆಚ್ಚಾಗಿ ಶಾಲಾ ಕ್ರೀಡಾಕೂಟಗಳಲ್ಲಿ. ಯಲ್ಲಾಪುರ, ಸಿದ್ದಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾಗಳನ್ನೂ ಒಳಗೊಂಡ ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲಿ ವಲಯ ಮತ್ತು ತಾಲ್ಲೂಕು ಮಟ್ಟದಲ್ಲಿ ಗೆದ್ದವರು ಮುಂದಿನ ಹಂತಕ್ಕೆ ಹೋಗುತ್ತಾರೆ, ಸೋತವರ ಸಮಯವನ್ನು ಕಾದಿಡುವ ರೂಢಿ ಇಲ್ಲ. ಕೈಯಿಂದ ಒತ್ತುವ ಗಡಿಯಾರದಲ್ಲಿ ಹಿಡಿದ ನೂರು ಮೀಟರಿನ ಸಮಯ ವಿದ್ಯುನ್ಮಾನ ಗಡಿಯಾರದ ಸಮಯಕ್ಕಿಂತ ಸಾಮಾನ್ಯವಾಗಿ 0.24 ಸೆಕೆಂಡಿನಷ್ಟು ಕಡಿಮೆ ತೋರುತ್ತದೆಂಬುದನ್ನು ಅಥ್ಲೆಟಿಕ್ಸ್ ಬಲ್ಲವರು ಲೆಕ್ಕಕ್ಕೆ ಹಿಡಿಯುತ್ತಾರೆ; ಮಳೆಗೆ ನೆನೆದ ಕೆಮ್ಮಣ್ಣಿನ ಮೈದಾನ, ಬರಿಗಾಲು, ಒಂದೇ ತರಗತಿಯಲ್ಲಿ ವಯಸ್ಸಿನಿಂದ ಹತ್ತು ತಿಂಗಳು ದೊಡ್ಡವನಾದ ಎದುರಾಳಿ, ಇವೆಲ್ಲ ಸೇರಿದಾಗ ಒಂದು ದಿನದ ಒಂದು ಓಟದಿಂದ ಮಗುವಿನ ಬಗೆಗೆ ತಿಳಿಯುವುದು ತೀರ ಅಲ್ಪ. ಅದೇ ಮಗುವಿನ ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಸಮಯ, ಎತ್ತರ, ಜಿಗಿತಗಳು ಒಂದೇ ವಹಿಯಲ್ಲಿ ವರ್ಷದಿಂದ ವರ್ಷಕ್ಕೆ ದಾಖಲಾಗುತ್ತ ಹೋದರೆ, ಹಳಿಯಾಳದ ಕುಸ್ತಿ ಕಣದಲ್ಲಿ ಸಿದ್ದಿ ಹುಡುಗಿಯರು ಒಂದರ ಮೇಲೊಂದು ಕುಸ್ತಿ ಹಿಡಿದು ತಮ್ಮ ಬಲವನ್ನು ಎಲ್ಲರಿಗೂ ಕಾಣುವಂತೆ ಮಾಡಿದ ಹಾಗೆ, ಯಲ್ಲಾಪುರದ ಓಟಗಾರರ ಬಲವೂ ಅವರ ವಂಶದ ಹೆಸರಿನ ಹಂಗಿಲ್ಲದೆ ಅವರವರ ಸಾಧನೆಯಲ್ಲಿಯೇ ಓದಿಕೊಳ್ಳಲು ಸಿಗುತ್ತದೆ.