ಕೂಡು ಕುಟುಂಬಕ್ಕೆ ಗಾಡಿ: ಹಿಂದಿನ ಸಾಲನ್ನು ಮೊದಲು ನೋಡಿರಿ

ತುಂಬಿದ ಮನೆಗೆ ಏಳು ಆಸನಗಳ ಗಾಡಿ ಕೊಳ್ಳುವಾಗ ನಾವು ಮುಂಭಾಗವನ್ನು ನೋಡಿ ಮೆಚ್ಚುತ್ತೇವೆ. ಪರೀಕ್ಷಿಸಬೇಕಾದುದು ಹಿಂದಿನ ಸಾಲನ್ನು. ಮನೆಯ ಎತ್ತರದವನೊಬ್ಬನನ್ನು ಅಲ್ಲಿ ಕೂಡ್ರಿಸಿ ಒಂದು ಸುತ್ತು ಹೋಗಿ ಬರಬೇಕು. ತಲೆ, ಮೊಣಕಾಲು ತಾಗುವುದು ಆಗಲೇ ತಿಳಿಯುತ್ತದೆ.

ಬೊಲೆರೊದಲ್ಲಿ ಹಿಂದಿನವರು ಎದುರುಬದುರಾಗಿ ಕೂಡುತ್ತಾರೆ. ಎರ್ಟಿಗಾ, ಇನ್ನೋವಾಗಳಲ್ಲಿ ಮುಂದಕ್ಕೆ ಮುಖಮಾಡಿ. ಗಾಡಿ ಢಿಕ್ಕಿ ಹೊಡೆದಾಗ ಮೈ ಮುಂದಕ್ಕೆ ಚಿಮ್ಮುವುದು. ಅಡ್ಡ ಕುಳಿತವರನ್ನು ತಡೆಯುವುದು ಕಷ್ಟ. ಆದ್ದರಿಂದ ಮಕ್ಕಳಿಗೂ ಹಿರಿಯರಿಗೂ ಮುಂದಕ್ಕೆ ಮುಖವಿರುವ, ಹೆಗಲ ಪಟ್ಟಿಯುಳ್ಳ ಆಸನವೇ ಲೇಸು.

ಮದುವೆಗೋ ಪಂಢರಪುರಕ್ಕೋ ಏಳೂ ಜನ ಹೊರಟರೆ ಗಂಟುಮೂಟೆಗೆ ಸ್ಥಳ ಸಾಲದು. ಅದನ್ನೆಲ್ಲ ಮೇಲೆ ಹೇರಿದರೆ ತಿರುವಿನಲ್ಲಿ ಗಾಡಿ ಮಗುಚುವ ಭಯ ಹೆಚ್ಚು. ತುಂಬಿದ ಗಾಡಿಗೆ ಚಕ್ರದ ಗಾಳಿ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದಿರುತ್ತಾರೆ. ಎಂಟನೆಯವರು ಬಸ್ಸಿನಲ್ಲಿ ಬರಲಿ. ಎಲ್ಲರೂ ಕ್ಷೇಮವಾಗಿ ಮನೆ ಸೇರುವುದೇ ಮುಖ್ಯ.