ಹಳೆ ಕಾರಿನ ಬಣ್ಣ ಹೋಯಿತೇ? ಪೇಂಟ್ ಹೊಡೆಸುವ ಮುನ್ನ ರೋಗ ಗುರುತಿಸಿ

ಧರೂರು: ಗದ್ವಾಲ, ಮಕ್ತಲ್, ರಾಯಚೂರು ಸೀಮೆಯಲ್ಲಿ ಬೇಸಿಗೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ನೆರಳಿಲ್ಲದ ಅಂಗಳದಲ್ಲಿ ಹತ್ತು ಹದಿನೈದು ವರ್ಷ ನಿಂತ ಕಾರಿನ ಬಣ್ಣ ಮಂಕಾಗುತ್ತದೆ, ಸಿಪ್ಪೆ ಏಳುತ್ತದೆ, ಅಲ್ಲಲ್ಲಿ ಗುಳ್ಳೆ ಬರುತ್ತದೆ. ಇವು ಮೂರೂ ಬೇರೆ ಬೇರೆ ರೋಗಗಳು. ಪಾಲಿಷ್‌ನಲ್ಲಿ ಮುಗಿಯುವುದಕ್ಕೆ ಪೂರ್ತಿ ಪೇಂಟ್ ಹೊಡೆಸಿದರೆ ದುಡ್ಡು ದಂಡ. ತುಕ್ಕಿನ ಮೇಲೆ ಬಣ್ಣ ಬಳಿಸಿದರೆ ಕಾರೇ ದಂಡ.

ಕಾರಿನ ತಗಡಿನ ಮೇಲೆ ಮೊದಲು ಪ್ರೈಮರ್, ನಂತರ ಬಣ್ಣ, ಕೊನೆಗೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿದರೂ ದಪ್ಪ ಸುಮಾರು 0.1 ಮಿಲಿಮೀಟರ್ ಮಾತ್ರ. ಸಾದಾ ಬಣ್ಣದ ಹಳೆ ಕಾರುಗಳಲ್ಲಿ ಕ್ಲಿಯರ್ ಕೋಟ್ ಇಲ್ಲದಿರುವುದೂ ಉಂಟು. ಹಾಳಾದದ್ದು ಯಾವ ಪದರ ಎಂಬುದೇ ಮುಖ್ಯ ಪ್ರಶ್ನೆ.

ಪರೀಕ್ಷೆ ಹೇಗೆ?

* ಮಂಕು: ಕಾರು ತೊಳೆದು ಒಣಗಿಸಿ, ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಷ್ ಹಚ್ಚಿ ಒಂದು ಕಡೆ ಉಜ್ಜಿ ನೋಡಿ. ಹೊಳಪು ಮರಳಿದರೆ ರಬ್ಬಿಂಗ್ ಕಾಂಪೌಂಡ್ ಮತ್ತು ವ್ಯಾಕ್ಸ್ ಸಾಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್ ಇಲ್ಲ ಎಂದರ್ಥ, ಹಗುರವಾಗಿ ಉಜ್ಜಬೇಕು.

* ಸಿಪ್ಪೆ: ಬಾನೆಟ್, ಟಾಪ್ ಮೇಲೆ ಬಿಳಿ ಮಚ್ಚೆಗಳಿದ್ದು ಅಂಚಿಗೆ ಉಗುರು ಸಿಕ್ಕಿದರೆ ಕ್ಲಿಯರ್ ಕೋಟ್ ಸತ್ತಿದೆ. ಯಾವ ಪಾಲಿಷ್‌ಗೂ ಇದು ಬಗ್ಗುವುದಿಲ್ಲ. ಆ ಭಾಗವನ್ನಷ್ಟೇ ಉಜ್ಜಿ ಹೊಸದಾಗಿ ಪೇಂಟ್ ಹೊಡೆಸಬೇಕು.

* ಗೀರು: ನೀರು ಸವರಿದಾಗ ಗೀರು ಮಾಯವಾದರೆ ಅದು ಮೇಲ್ಪದರದ್ದು, ಪಾಲಿಷ್‌ನಲ್ಲಿ ಹೋಗಬಹುದು. ತಗಡು ಕಂಡರೆ ತಡ ಮಾಡದೆ ಟಚ್-ಅಪ್ ಪೇಂಟ್ ಹಚ್ಚಿ.

* ಗುಳ್ಳೆ: ಬಾಗಿಲಿನ ಕೆಳ ಅಂಚು, ಚಕ್ರದ ಮೇಲಿನ ಕಮಾನು ಇದರ ತವರು. ಕೆಳಗೆ ತುಕ್ಕು, ತೆಲುಗಿನವರು ಹೇಳುವ ತುಪ್ಪು, ಕೂತಿರುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಕುಸಿದರೆ ತಗಡೇ ತಿಂದುಹೋಗಿದೆ.

ತುಕ್ಕಿಗೆ ಅಡ್ಡದಾರಿ ಇಲ್ಲ

ಗುಳ್ಳೆ ಕೆರೆದು ಪುಟ್ಟಿ ತುಂಬಿ ಬಣ್ಣ ಹೊಡೆದರೆ ಕಾರು ಹೊಸದರಂತೆ ಕಾಣುತ್ತದೆ. ಆದರೆ ಒಳಗಿನ ತುಕ್ಕು ಹರಡುತ್ತಲೇ ಇರುತ್ತದೆ, ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಮತ್ತೆ ಏಳುತ್ತದೆ. ತಗಡು ಬೆಳ್ಳಗೆ ಹೊಳೆಯುವವರೆಗೆ ಉಜ್ಜಿಸಿ, ತೂತು ಬಿದ್ದಲ್ಲಿ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು. ನಂತರ ಎಪಾಕ್ಸಿ ಪ್ರೈಮರ್, ತೆಳುವಾದ ಪುಟ್ಟಿ, ಮತ್ತೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್. ಪ್ರೈಮರ್ ಹಂತದಲ್ಲಿ ಒಮ್ಮೆ ಗ್ಯಾರೇಜಿಗೆ ಹೋಗಿ ನೋಡಿ ಬರುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ತೆಳು ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತ ಒಯ್ಯಲಿ. ತಗಡಿಗೆ ಗಟ್ಟಿಯಾಗಿ ಹಿಡಿಯುವ ಅಯಸ್ಕಾಂತ ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದಾದರೆ ಅಲ್ಲಿ ಈ ಪರೀಕ್ಷೆ ನಡೆಯದು. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ತುಂಬಿದ ಮೇಲೆ ನವೀಕರಣಕ್ಕೆ ವಾಹನ ತಪಾಸಣೆ ಆಗಬೇಕು ಎಂಬುದೂ ನೆನಪಿರಲಿ. ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಬೇರೆ ಬಣ್ಣ ಹೊಡೆಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಮನೆಯಲ್ಲೇ ಸ್ಪ್ರೇ ಮಾಡುವವರಿಗೆ ಒಂದು ಎಚ್ಚರಿಕೆ. ಹಾರ್ಡನರ್ ಬೆರೆಸುವ ಪೇಂಟ್‌ಗಳಲ್ಲಿರುವ ಐಸೋಸಯನೇಟ್ ಉಬ್ಬಸ ತರಬಲ್ಲದು. ಮೂಗಿಗೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ಈ ಕೆಲಸ ಸರಿಯಾದ ವ್ಯವಸ್ಥೆ ಇರುವ ಗ್ಯಾರೇಜಿಗೇ ಬಿಡಿ.

ಮುಂದೆ ಹಾಳಾಗದಿರಲು

ಹೊಲದ ಧೂಳಾಗಲಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಕಡೆ ಹಾರುವ ಬೂದಿಯಾಗಲಿ, ಒಣ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ನೀರು ಸುರಿಯಿರಿ. ಬೋರ್ ನೀರಿನಲ್ಲಿ ತೊಳೆದರೆ ಉಪ್ಪಿನ ಕಲೆ ಕೂರದಂತೆ ತಕ್ಷಣ ಒರೆಸಿ. ಹಕ್ಕಿ ಹಿಕ್ಕೆಯನ್ನು ಅಂದೇ ತೊಳೆಯಿರಿ. ಒದ್ದೆ ಕಾರಿಗೆ ಕವರ್ ಹಾಕಬೇಡಿ. ಮಳೆಗಾಲದಲ್ಲಿ ಚಕ್ರದ ಕಮಾನಿನ ಕೆಸರು ತೆಗೆದು, ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಿ. ತುಕ್ಕು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.