ನಿಂತ ಚಿತ್ರ ನಡೆದ ಕತೆ

ಹೈದರಾಬಾದಿನ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶಕ್ಕೆ ಬೀದರ್, ಕಲಬುರಗಿ ಕಡೆಯಿಂದ ದುಡಿಯಲು ಹೋದವರ ಮೊಬೈಲಿಗೆ ಊರಿನ ಮದುವೆ, ಪುಣ್ಯತಿಥಿಗಳ ವಿಡಿಯೊಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಎಷ್ಟೋ ವಿಡಿಯೊಗಳೇ ಅಲ್ಲ. ಇರುವುದು ಒಂದು ಹಳೆಯ ಫೋಟೊ. ಅದರ ಮೇಲೆ ಚೌಕಟ್ಟು ಮೆಲ್ಲಗೆ ಸರಿದು, ಕೊನೆಗೆ ಅಜ್ಜಿಯ ಮುಖವೇ ಪರದೆ ತುಂಬಿ ನಿಲ್ಲುತ್ತದೆ. ಇದಕ್ಕೆ ‘ಕೆನ್ ಬರ್ನ್ಸ್ ಎಫೆಕ್ಟ್’ ಎಂದು ಹೆಸರು.

ಹೆಸರು ಅಮೆರಿಕದ ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್ ಅವರದು, ವಿದ್ಯೆ ಅವರಿಗಿಂತ ಹಳೆಯದು. 1957ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ ‘ಸಿಟಿ ಆಫ್ ಗೋಲ್ಡ್’ ಸಾಕ್ಷ್ಯಚಿತ್ರ ತೆಗೆದರು. ಚಿನ್ನ ಸಿಕ್ಕಿತೆಂದು ಜನ ಮುಗಿಬಿದ್ದಿದ್ದ ಡಾಸನ್ ಪಟ್ಟಣದ ಹಳೆಯ ಫೋಟೊಗಳೇ ಅದರ ಜೀವಾಳ. ಆಗ ಕಂಪ್ಯೂಟರ್ ಎಲ್ಲಿತ್ತು? ಫೋಟೊವನ್ನು ಮೇಜಿನ ಮೇಲಿಟ್ಟು, ನೆತ್ತಿಯ ಮೇಲೆ ಕ್ಯಾಮೆರಾ ತೂಗುಹಾಕಿ, ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್, ಮತ್ತೆ ಸರಿಸಿ ಇನ್ನೊಂದು. ನಮ್ಮಲ್ಲಿ ಸತ್ಯಜಿತ್ ರಾಯ್ 1961ರಲ್ಲಿ ಟ್ಯಾಗೋರರ ಕುರಿತ ಸಾಕ್ಷ್ಯಚಿತ್ರಕ್ಕೆ ಹಳೆಯ ಫೋಟೊಗಳನ್ನೂ ನೆಚ್ಚಿದರು.

ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಚಲನಚಿತ್ರ ಇನ್ನೂ ಹುಟ್ಟಿರಲಿಲ್ಲ. 1990ರಲ್ಲಿ ಆ ಯುದ್ಧದ ಮೇಲೆ ಸಾಕ್ಷ್ಯಚಿತ್ರ ಸರಣಿ ಮಾಡಿದ ಬರ್ನ್ಸ್ ಅವರಿಗೂ ಫೋಟೊಗಳೇ ಗತಿಯಾದವು. ಆ ಸರಣಿ ಈ ಶೈಲಿಯನ್ನು ಮನೆಮಾತಾಗಿಸಿತು. ಮುಂದೆ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರೇ ಬರ್ನ್ಸ್ ಅವರನ್ನು ಕರೆಸಿ ಹೆಸರು ಬಳಸಲು ಅನುಮತಿ ಕೇಳಿದರು. 2003ರಲ್ಲಿ ಆ ಹೆಸರಿನ ಸೌಲಭ್ಯ ಆ್ಯಪಲ್ಲಿನ ವಿಡಿಯೊ ಸಂಕಲನ ತಂತ್ರಾಂಶ ಐಮೂವಿಯೊಳಗೆ ಬಂತು.

ಈಗ ಕೆಲಸ ಸುಲಭ, ಆದರೆ ಕೆಲವೊಮ್ಮೆ ಚಿತ್ರ ನಡುಗುತ್ತದೆ. ಇದರ ಕಾರಣ ತಿಳಿದಿರಬೇಕು. ಸೆಕೆಂಡಿಗೆ 25 ಫ್ರೇಮ್‌ನಂತೆ ಐದು ಸೆಕೆಂಡಿಗೆ 125 ಫ್ರೇಮ್. ನಿಧಾನದ ಚಲನೆಯಲ್ಲಿ ಒಂದು ಫ್ರೇಮಿಗೆ ಚಿತ್ರ ಸರಿಯಬೇಕಾದ್ದು ಪಿಕ್ಸೆಲ್ಲಿನ ಒಂದು ಚೂರು ಮಾತ್ರ. ತಂತ್ರಾಂಶ ಅದನ್ನು ಇಡೀ ಪಿಕ್ಸೆಲ್ಲಿಗೆ ಹೊಂದಿಸಿಬಿಟ್ಟರೆ ಚಿತ್ರ ಒಮ್ಮೆ ನಿಂತು ಒಮ್ಮೆ ನೆಗೆಯುತ್ತದೆ. ಮೊದಲೇ ಚಿತ್ರವನ್ನು ಹಲವು ಪಟ್ಟು ಹಿಗ್ಗಿಸಿಕೊಂಡು ಆಮೇಲೆ ಚಲನೆ ಕೊಟ್ಟರೆ ಈ ನಡುಕ ಬಹುಮಟ್ಟಿಗೆ ಅಡಗುತ್ತದೆ. ಜೂಮ್ ಮಾಡುವಾಗ ಪ್ರತಿ ಫ್ರೇಮಿಗೂ ಒಂದೇ ಅಳತೆ ಕೂಡಿಸದೆ ಒಂದೇ ಅನುಪಾತದಲ್ಲಿ ಗುಣಿಸಬೇಕು. ಆಗಲೇ ವೇಗ ಸಮನಾಗಿ ಕಾಣುವುದು. ಹೊರಡುವಾಗ, ನಿಲ್ಲುವಾಗ ಮಾತ್ರ ವೇಗ ಮೆಲ್ಲಗೆ ಏರಿ ಇಳಿಯಲಿ.

ಇಷ್ಟೆಲ್ಲ ಮಾಡಿದರೂ ಫೋಟೊದಲ್ಲಿ ಹುರುಳಿರಬೇಕು. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್ ಬಳಸಿದ್ದು ಗಾಜಿನ ನೆಗೆಟಿವ್. ಅಂಥ ದೊಡ್ಡ ಗಾಜಿನ ಫಲಕದ ಚಿತ್ರದಲ್ಲಿ ಹತ್ತಿರ ಹೋದಷ್ಟೂ ನೋಡಲು ಏನಾದರೂ ಸಿಗುತ್ತದೆ. ಹತ್ತು ಕಡೆ ಫಾರ್ವರ್ಡ್ ಆಗಿ ಸವೆದ ಫೋಟೊದಲ್ಲಿ ಸಿಗುವುದು ಬರೀ ಚೌಕಳಿ. 1920×1080ರ ವಿಡಿಯೊದಲ್ಲಿ ಎರಡು ಪಟ್ಟು ಹತ್ತಿರ ಹೋಗಬೇಕೆಂದರೆ ಚಿತ್ರ ಕನಿಷ್ಠ 3840×2160 ಇರಬೇಕು.

ಆದ್ದರಿಂದ ನಿಮ್ಮ ಮನೆಯ ಹಳೆಯ ಫೋಟೊಗಳನ್ನು ಆಲ್ಬಮ್ಮಿನಿಂದ ಬಿಡಿಸಿ, ದೊಡ್ಡ ಅಳತೆಯಲ್ಲಿ ಸ್ಕ್ಯಾನ್ ಮಾಡಿಸಿಡಿ. ವಾಟ್ಸ್ಆ್ಯಪಿನಲ್ಲಿ ಕಳುಹಿಸುವುದಾದರೆ ಚಿತ್ರ ಸವೆಯದಂತೆ ಡಾಕ್ಯುಮೆಂಟ್ ಆಗಿಯೇ ಕಳುಹಿಸಿ. ವಿಡಿಯೊ ಮಾಡುವವರಿಗೆ ಯಾರ ಮುಖದ ಮೇಲೆ ನಿಲ್ಲಿಸಬೇಕೆಂದು ಮೊದಲೇ ಹೇಳಿ. ಅದನ್ನು ಯಾವ ಆ್ಯಪೂ ಊಹಿಸಲಾರದು.